ಸೊನ್ನೆ ಮಿಲಿಮೀಟರ್ ಮಳೆ

“ಅಳೀಲಾರ್ದಂಗ ಬರೀಬ್ಯಾಡ್ರಿ ಸಾರ್. ಗಂಗಾಧರ ಸಾರ್ ಬಾಯಿ ಹೋಗಿದ್ದು ಹಂಗ, ಮಾಟದಾಗ,” ಅಂದ, ಗುಡ್ಡದ ಕೆಳಗೆ ಪಂಪ್‌ಸೆಟ್ ರಿಪೇರಿ ಮಾಡುವ ದಾದಾಪೀರ್.

ಚಿಗಟೇರಿ ಆಚೆಯ ಗುಡ್ಡದ ಹವಾಮಾನ ಕೇಂದ್ರಕ್ಕೆ ಮಳೆ ಅಳೆಯುವ ಕೆಲಸಕ್ಕೆ ಅಂದೇ ಬಂದಿದ್ದ ಕ್ರಾಂತಿಕುಮಾರ್ ನಕ್ಕ. “ಮಾಟಕ್ಕೆ ಮಿಲಿಮೀಟರ್ ಲೆಕ್ಕ ಬರ್ತತೇನು?”

ಕೇಂದ್ರದ ಚರಿತ್ರೆ ಊರಿಗೆಲ್ಲ ಬಾಯಿಪಾಠ. ಹಿಂದೆ ದಿನಾ ಬೆಳಿಗ್ಗೆ ಎಂಟೂವರೆಗೆ ಇಲ್ಲಿಂದ ವೈರ್‌ಲೆಸ್‌ನಲ್ಲಿ ಮಳೆಯ ಅಳತೆ ಹೋಗುತ್ತಿತ್ತು. ಒಮ್ಮೆ ಆಗಿನ ನೌಕರ ಗಂಗಾಧರ ಹೊರಗೆ ಹೋಗಿ ಮಳೆಮಾಪಕ ನೋಡದೆ, ಕೂತಲ್ಲೇ ಸೊನ್ನೆ ಅಂದ. ಆ ಸೊನ್ನೆ ನಂಬಿ ದಾಟಲು ಇಳಿದ ಊರಿನ ಕೆಂಚಕ್ಕನ ಮಗನನ್ನು ಆ ದಿನವೇ ಹಳ್ಳ ಒಯ್ದಿತು. ಆಕೆ ಮಗನ ಉಡದಾರಕ್ಕೆ ತನ್ನ ಕೂದಲು ಸುತ್ತಿ ಮಳೆಮಾಪಕದ ಬುಡದಲ್ಲಿ ಹೂತಳು. ವಾರದೊಳಗೆ ಗಂಗಾಧರ ಮೂಕನಾದ. ಬ್ಯಾಟರಿ ಕಳಚಿಟ್ಟ ವೈರ್‌ಲೆಸ್ ಸೆಟ್ಟು ಮಾತ್ರ ಅವನ ದನಿಯಲ್ಲಿ ಸೊನ್ನೆ ಅನ್ನುತ್ತಿತ್ತಂತೆ.

ಈಗ ಅಳತೆ ಹೋಗುವುದು ಮೊಬೈಲಿನಲ್ಲಿ. ಹದಿನಾಲ್ಕು ದಿನ ಕ್ರಾಂತಿಕುಮಾರ್ ಕೊಟ್ಟೂರಿನ ಹೋಟೆಲಿನಲ್ಲಿ ಕೂತೇ ಸೊನ್ನೆ ಕಳಿಸಿದ. ಹದಿನೈದನೆಯ ಬೆಳಿಗ್ಗೆ ದಾದಾಪೀರ್ ಫೋನ್ ಮಾಡಿದ.

“ಗುಡ್ಡದ ಮ್ಯಾಲೆ ಮಳಿ ಆಗೇತೇನ್ರಿ? ಸಿಮ್ರಾನ ಹಳ್ಳ ದಾಟಿ ಸಾಲಿಗೆ ಹೋಗ್ಬೇಕು.”

“ಈಗಷ್ಟೇ ಅಳದೆ. ಸೊನ್ನೆ. ಕಳ್ಸು ಮಗಳ್ನ.”

ಫೋನಿಟ್ಟು ಹೋಟೆಲಿನವನತ್ತ ತಿರುಗಿದ. “ಇನ್ನೊಂದು ಪ್ಲೇಟ್ ಮಿರ್ಚಿ ಕೊಡಪ್ಪ, ಬಿಸಿವು ಇರ್ಲಿ.”

ಮಿರ್ಚಿ ಮುರಿಯುವಾಗ ಕಂಡಿತು: ಗುಡ್ಡದ ದಿಕ್ಕಿಗೆ ಆಕಾಶ ಹಂಚಿನ ತಳದಂತೆ ಕಪ್ಪಾಗಿತ್ತು. ದಾದಾಪೀರನಿಗೆ ಫೋನ್ ಹಚ್ಚಿದ. ಹತ್ತಲಿಲ್ಲ. ಹಳ್ಳಕ್ಕೆ ಹೋಗುವ ದಾರಿ ಗುಡ್ಡದ ಮೇಲಿಂದಲೇ; ಬೈಕ್ ಓಡಿಸಿದ. ಕಳ್ಸು ಅಂದವನು ನಾನೇ, ಅನ್ನುವುದೊಂದೇ ದಾರಿಯುದ್ದಕ್ಕೂ ತಲೆಯಲ್ಲಿ.

ಗುಡ್ಡದ ಮೇಲೆ ಹಸಿ ಮಣ್ಣಿನ ವಾಸನೆ, ಅದರೊಳಗೆ ಕೊಳೆತ ಕೂದಲ ಕಮಟು. ಮಳೆಮಾಪಕದ ಬಾಟಲಿ ತುಂಬಿತ್ತು. ಚೆಲ್ಲಿದ. ತುಂಬಿತು. ಮತ್ತೆ ಚೆಲ್ಲಿದ. ಮತ್ತೆ ತುಂಬಿತು. ಉದ್ದನೆಯ ಕೂದಲೊಂದು ಬೆರಳಿಗೆ ಸುತ್ತಿಕೊಂಡಿತು. ಕೇಂದ್ರದೊಳಗೆ ಸತ್ತ ಸೆಟ್ಟು ಗೊರಗುಟ್ಟಿತು. ಮಾತಲ್ಲ. ಉಸಿರು. ಮುಳುಗುವವರ ಉಸಿರು.

ಓಡಿದ. ಬಿದ್ದ. ಎದ್ದ. ಹಳ್ಳದ ಮೊರೆತ ಕಿವಿ ತುಂಬಿತು.

ದಂಡೆಯಲ್ಲಿ ಜನ. ದಾದಾಪೀರ್ ಮಗಳನ್ನು ಜಾಲಿಯ ಕೊಂಬೆಯಿಂದ ಬಿಡಿಸಿ ತಂದಿದ್ದ. ಉಸಿರಿತ್ತು.

“ಅಲ್ಲಾ ಉಳಿಸಿದ ಸಾರ್. ನೀವು ಅಳದ ಮ್ಯಾಲೆ ಬಂದೈತಿ ಮಳಿ. ನಿಮ್ದೇನು ತಪ್ಪು?”

ನಿಜ ಹೇಳಬೇಕಿತ್ತು. ಆದರೂ ‘ಹೌದು, ಆಮೇಲೆ ಬಂತು’ ಅನ್ನಲು ಕ್ರಾಂತಿಕುಮಾರ್ ಬಾಯಿ ತೆರೆದ. ದನಿ ಹೊರಡಲಿಲ್ಲ.

ಸಿಮ್ರಾನ ಕಣ್ಣು ಬಿಟ್ಟಳು. ಕೆಸರು ಉಗುಳಿದಳು. ಹತ್ತು ವರ್ಷದ ಆ ಬಾಯಿಂದ ಗಂಡಸಿನ ದನಿ ಬಂತು. ದಾದಾಪೀರ್ ಬೆಳಿಗ್ಗೆ ಫೋನಿನಲ್ಲಿ ಕೇಳಿದ ದನಿ.

“ಈಗಷ್ಟೇ ಅಳದೆ. ಸೊನ್ನೆ. ಕಳ್ಸು ಮಗಳ್ನ. ಇನ್ನೊಂದು ಪ್ಲೇಟ್ ಮಿರ್ಚಿ ಕೊಡಪ್ಪ, ಬಿಸಿವು ಇರ್ಲಿ.”