ಏಕನಾಥರ ಅಂಗಳದ ಚುಕ್ಕಿಗಳು

ನನ್ನ ಕೆಲಸವೇ ಕೆಟ್ಟಿತ್ತು ಎನ್ನುವವರಿಗಾಗಿ ಇದನ್ನು ಹೇಳುತ್ತಿದ್ದೇನೆ. ಹರಳುಗಲ್ಲನ್ನು ರೆಸಿನ್ ಅಂಟಿನಲ್ಲಿ ಕಲಸಿ ಅಂಗಳಕ್ಕೆ ಹಾಸುವವನು ನಾನು. ಧಾರವಾಡದ ಏಕನಾಥರು ನನ್ನನ್ನು ಕರೆಸಿದ್ದು ಅವರ ಅತ್ತಿಗೆ ತಾರಾಬಾಯಿ ತೀರಿದ ಮರುತಿಂಗಳು.

"ಇದರ ಮ್ಯಾಲ ರಂಗೋಲಿ ನಿಲ್ಲೂದಿಲ್ಲ ಹೌದಲ್ಲೋ?" ಎಂದು ಕೇಳಿದರು. ವಿಧವೆ ಅತ್ತಿಗೆ ಹಾಕಿದ ರಂಗೋಲಿಯನ್ನು ಇಪ್ಪತ್ತು ವರ್ಷ ಕಾಲಿನಿಂದ ಅಳಿಸಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡರು.

ಹಾಸಿದ ಮರುದಿನ ಕಲ್ಲಿನೊಳಗೆ ಸಾಲಾಗಿ ಬಿಳಿ ಚುಕ್ಕಿಗಳು. ಹಸಿ ಅಂಟಿಗೆ ನೀರು ತಾಗಿದರೆ ಬೆಳ್ಳಗಾಗುತ್ತದೆ, ನಿಜ. ಆದರೆ ಒಂದು ಹನಿಯೂ ಬಿದ್ದಿರಲಿಲ್ಲ. ಕಿತ್ತು ಮತ್ತೆ ಹಾಸಿದೆ. ಅವೇ ಚುಕ್ಕಿಗಳು, ಅದೇ ಜಾಗದಲ್ಲಿ.

ವಾರದ ಮೇಲೆ ಬೆಳಿಗ್ಗೆ ಏಕನಾಥರ ಫೋನು ಬಂತು. "ಸಾಲೋಮನ್, ಇವತ್ತ ಒಂದೂ ಚುಕ್ಕಿ ಇಲ್ಲ ನೋಡಪಾ."

ಖುಷಿಯಿಂದ ನನ್ನ ಜೊತೆ ಕೆಲಸ ಮಾಡುವ ಗೌಂಡಿ ಫಕೀರಪ್ಪನಿಗೆ ತಿಳಿಸಿದೆ. ಅವನು ಕರಣಿ ಕೆಳಗಿಟ್ಟ. "ನಿಮಗ ಗೊತ್ತಿರಲಿಕ್ಕಿಲ್ಲರಿ. ನಮ್ಮೊಳಗ ಸಾವಿನ ಮನಿ ಮುಂದ ರಂಗೋಲಿ ಇರೂದಿಲ್ಲ."

ಮಧ್ಯಾಹ್ನ ಏಕನಾಥರು ಊಟಕ್ಕೆ ಕುಳಿತಲ್ಲೇ ಹೋದರು.

ಈಗ ಆ ಮನೆಗೆ ಬೀಗ. ಸೂತಕ ಕಳೆದ ಮರುದಿನ ಚುಕ್ಕಿಗಳು ಮತ್ತೆ ಮೂಡಿದವು. ಈ ಸಲ ಅಂಗಳದ ತುಂಬ, ಹಬ್ಬಕ್ಕೆ ಹಾಕುವಷ್ಟು ದೊಡ್ಡ ರಂಗೋಲಿ.