ಕದಲದ ಕೆಂಪು ಚುಕ್ಕೆ

“ಯಾರು ಮುಟ್ಟಿದ್ದು?”

ಶಿಲ್ಪತ್ತೆ ಕಮಾನನ್ನು ತಂತಿಯ ಮೇಲಿಂದ ಎತ್ತಿ ಕೇಳಿದಳು. ಯಾರ ಮುಖವನ್ನೂ ನೋಡಿ ಕೇಳಲಿಲ್ಲ. ಆದರೂ ಆ ಪ್ರಶ್ನೆ ಯಾರಿಗೆಂದು ಅನಘಾಳಿಗೆ ಗೊತ್ತಾಯಿತು. ಅವಳ ಕಿವಿಗಳು ಬಿಸಿಯಾದವು.

ಅದು ಕಾಮಾಕ್ಷಿಪಾಳ್ಯದ ಒಂದು ಹಳೆಯ ಗಾರ್ಮೆಂಟ್ಸ್ ಶೆಡ್. ಹೊಲಿಗೆ ಮಷೀನುಗಳು ಬೇರೆ ಕಡೆಗೆ ಹೋಗಿ ಆರು ತಿಂಗಳಾಗಿತ್ತು. ನೆಲದ ಬಿರುಕುಗಳಲ್ಲಿ ಬಣ್ಣಬಣ್ಣದ ದಾರದ ತುಂಡುಗಳು ಮಾತ್ರ ಉಳಿದಿದ್ದವು. ಈಗ ಅಲ್ಲಿ ಗೋಡೆಯಿಂದ ಗೋಡೆಗೆ ಬಿಳಿಯ ಪರದೆ ಕಟ್ಟಿತ್ತು. ಮರುದಿನ, ಶನಿವಾರ ಸಂಜೆ ಐದಕ್ಕೆ, ಶಿಲ್ಪತ್ತೆಯ ಕಾರ್ಯಕ್ರಮ.

ಶಿಲ್ಪತ್ತೆ ಅನಘಾಳ ಅಪ್ಪನ ತಂಗಿ. ಅವಳ ಪಿಟೀಲು ಬೇರೆಯವರ ಪಿಟೀಲಿನಂತಲ್ಲ. ಅದರ ಮೈಗೆ ಪುಟ್ಟ ಮೈಕು, ಮೈಕಿಗೆ ವೈರು, ವೈರಿನ ಆಚೆ ತುದಿಯಲ್ಲಿ ಲ್ಯಾಪ್‌ಟಾಪ್. ಕಾಲಡಿಯ ಪೆಡಲ್ ಒತ್ತಿದರೆ ಆಗಷ್ಟೇ ನುಡಿಸಿದ ಸ್ವರ ಮತ್ತೆ ಮತ್ತೆ ಸುತ್ತಿ ಬರುತ್ತಿತ್ತು. ಎದುರಿಗೆ ಒಂದು ಕ್ಯಾಮೆರಾ. ಕಮಾನಿನ ತುದಿಗೆ ಅಂಟಿಸಿದ ಕೆಂಪು ಸ್ಟಿಕ್ಕರನ್ನು ಅದು ಹಿಂಬಾಲಿಸುತ್ತಿತ್ತು. ಕಮಾನು ಹೋದ ಹಾದಿಯಲ್ಲೆಲ್ಲ ಪರದೆಯ ಮೇಲೆ ಕೆಂಪು ಗೆರೆ ಎಳೆದುಕೊಳ್ಳುತ್ತಿತ್ತು. ಮೆಲ್ಲಗೆ ನುಡಿಸಿದರೆ ನೂಲಿನಷ್ಟು ಸಣ್ಣ ಗೆರೆ, ಜೋರಾಗಿ ನುಡಿಸಿದರೆ ಹಗ್ಗದಷ್ಟು ದಪ್ಪ ಗೆರೆ.

ಕೊನೆಯ ಮೂರು ನಿಮಿಷ ಅನಘಾಳದು. ಅವಳ ಪುಟ್ಟ ಕಮಾನಿಗೆ ಹಸಿರು ಸ್ಟಿಕ್ಕರ್. ಅವಳು ಷಡ್ಜವನ್ನು ಉದ್ದಕ್ಕೆ ಹಿಡಿಯಬೇಕು, ಅತ್ತೆ ಅದರ ಸುತ್ತ ನುಡಿಸುತ್ತಾಳೆ, ಹಸಿರು ಗೆರೆಯೂ ಕೆಂಪು ಗೆರೆಯೂ ಹೆಣೆದುಕೊಳ್ಳಬೇಕು. ಕಮಾನು ಅಲುಗದಂತೆ ಎಳೆಯಲು ಅವಳು ಒಂದು ತಿಂಗಳು ಕಲಿತಿದ್ದಳು. ಕ್ಲಾಸಿನ ಸ್ಪಂದನಾಳನ್ನೂ ಕರೆದಿದ್ದಳು.

ಆದರೆ ಈ ಶುಕ್ರವಾರ ಕೆಂಪು ಗೆರೆ ಏಳಲೇ ಇಲ್ಲ. ಅತ್ತೆ ಕಮಾನನ್ನು ಎಷ್ಟು ಬೀಸಿದರೂ ಪರದೆಯ ಎಡಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಕೂತಲ್ಲೇ ಕೂತು ನಡುಗುತ್ತಿತ್ತು.

“ಮಂಗಳವಾರ ಎಲ್ಲಾ ಸರಿ ಇತ್ತಲ್ಲ,” ಅಂದ ಭೈರೇಶ. ಅವನು ಅತ್ತೆಯ ಸ್ನೇಹಿತ. ಲ್ಯಾಪ್‌ಟಾಪು, ಪ್ರೊಜೆಕ್ಟರು ಎರಡೂ ಅವನ ಕೈಯಲ್ಲಿ. “ಆಮೇಲೆ ಹಬ್ಬ ಅಂತ ಯಾರೂ ಆನ್ ಕೂಡ ಮಾಡಿಲ್ಲ.”

“ಆನ್ ಮಾಡಿದಾರೆ. ಹಬ್ಬಕ್ಕೆ ಎಲ್ಲಾ ನಮ್ಮನೇಲೇ ಇತ್ತಲ್ಲ. ಅನಘಾ, ಲ್ಯಾಪ್‌ಟಾಪ್ ಮುಟ್ದ್ಯಾ?”

“ಇಲ್ಲ ಅತ್ತೆ.”

“ಹೋದ ವಾರ ನನ್ನ ಗೆರೆನ ಪಿಂಕ್ ಮಾಡಿದ್ದು ಯಾರು?”

“ನಾನೇ. ಅದನ್ನ ನಾನೇ ಹೇಳಿದ್ನಲ್ಲ. ಇದು ನಾನಲ್ಲ.”

“ಮನೇಲಿ ಇನ್ಯಾರು ಮುಟ್ತಾರೆ? ನಿಮ್ಮಪ್ಪನಾ? ಅಜ್ಜಿನಾ?”

ಭೈರೇಶ ನಡುವೆ ಬಾಯಿ ಹಾಕಿದ. “ಹೋಗ್ಲಿ ಬಿಡೇ, ಮಗು ಅದು. ನಾನು ಮೊದಲಿಂದ ನೋಡ್ತೀನಿ.”

“ನಾಳೆ ಜನ ಬಂದು ಕೂತಾಗ ಮೊದಲಿಂದ ನೋಡ್ತೀಯಾ?” ಅತ್ತೆ ಅನಘಾಳತ್ತ ತಿರುಗಿದಳು. ಆಮೇಲೆ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. “ನಾಳೆ ನೀನು ಬೇಡ. ನಿನ್ನ ಷಡ್ಜ ರೆಕಾರ್ಡ್ ಆಗಿದೆ. ಅದನ್ನೇ ಹಾಕ್ಕೋತೀನಿ.”

ಪ್ರೊಜೆಕ್ಟರನ್ನು ಹೊತ್ತು ತಂದಿದ್ದ ಇಬ್ಬರು ಹುಡುಗರು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ಅನಘಾ ತನ್ನ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು. ಕೊಂಡಿ ಹಾಕಿದಳು. ಅಳು ಬರಲಿಲ್ಲ.

ಮಾಗಡಿ ರಸ್ತೆಯ ಉದ್ದಕ್ಕೂ ಆಟೋದಲ್ಲಿ ಅವಳು ಅತ್ತೆಗೆ ತಾಗದಂತೆ ಪೆಟ್ಟಿಗೆಯನ್ನು ನಡುವೆ ನಿಲ್ಲಿಸಿಕೊಂಡು ಕೂತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಕನ್ನಡ ಟೆಸ್ಟಿನಲ್ಲಿ ಕೇಳಿದ್ದರು. ಆಗ ಅವಳ ಉತ್ತರ ನಾಲ್ಕು ಸಾಲು ದಾಟಿರಲಿಲ್ಲ. ಈಗ ಕೇಳಿದ್ದರೆ ನಾಲ್ಕು ಪುಟ ಬರೆದು ಇನ್ನೊಂದು ಹಾಳೆ ಬೇಡುತ್ತಿದ್ದಳು.

ಗೋವಿಂದರಾಜನಗರದ ಮನೆಯ ಬಾಗಿಲಲ್ಲಿ ಕಲ್ಯಾಣಮ್ಮಜ್ಜಿ ಕಾಯುತ್ತಿದ್ದಳು.

“ಮುಗೀತಾ ನಿಮ್ಮ ಕುಯ್ ಕುಯ್?”

ಅಜ್ಜಿ ಯಾವಾಗಲೂ ಹಾಗೇ ಕೇಳುತ್ತಿದ್ದಳು. ಪಿಟೀಲೆಂದರೆ ಕೂತು ನುಡಿಸಬೇಕು, ಕೇಳುವವರು ತಲೆದೂಗಬೇಕು. ನಿಂತುಕೊಂಡು ಮೈತುಂಬ ವೈರು ಸುತ್ತಿಕೊಂಡರೆ ಅದು ಕಚೇರಿಯಲ್ಲ, ಆಪರೇಷನ್ ಥಿಯೇಟರ್ ಎಂಬುದು ಅವಳ ವಾದ. ಮಗಳ ಒಂದು ಕಾರ್ಯಕ್ರಮಕ್ಕೂ ಅವಳು ಹೋದವಳಲ್ಲ. ಅತ್ತೆ ಮೊದಮೊದಲು ಕರೆಯುತ್ತಿದ್ದಳು. ಈಗ ಕರೆಯುವುದನ್ನೂ ಬಿಟ್ಟಿದ್ದಳು.

ಆ ದಿನ ಅತ್ತೆ ನೇರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅನಘಾ ಇನ್ನೊಂದು ಕೋಣೆಗೆ ಹೋಗಿ ಅದಕ್ಕಿಂತ ಜೋರಾಗಿ ಬಾಗಿಲು ಹಾಕಿದಳು.

“ಬಾಗಿಲು ಏನು ಪಾಪ ಮಾಡಿತ್ತೋ,” ಎಂದು ಅಜ್ಜಿ ತನ್ನಷ್ಟಕ್ಕೇ ಹೇಳಿಕೊಂಡು ರೊಟ್ಟಿ ತಟ್ಟಲು ಹೋದಳು.

ಮರುದಿನ ಅತ್ತೆ ಬೆಳಿಗ್ಗೆಯೇ ಪಿಟೀಲು ಹಿಡಿದು ಶೆಡ್ಡಿಗೆ ಹೋಗಿದ್ದಳು. ಅನಘಾಳ ಸಿಟ್ಟು ನಿದ್ದೆ ಮಾಡಿ ಇನ್ನೂ ಗಟ್ಟಿಯಾಗಿ ಎದ್ದಿತ್ತು. ಇನ್ನು ಜನ್ಮದಲ್ಲಿ ವಯಲಿನ್ ಮುಟ್ಟುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದಳು. ಅದಕ್ಕೂ ಮುಂಚೆ ಕಮಾನಿನ ಹಸಿರು ಸ್ಟಿಕ್ಕರನ್ನು ಕಿತ್ತು ಚೂರುಚೂರು ಮಾಡಿ ಅತ್ತೆಯ ದಿಂಬಿನ ಮೇಲೆ ಹಾಕಬೇಕು. ಅವಳು ಪೆಟ್ಟಿಗೆ ತೆರೆದಳು. ಕಮಾನನ್ನು ಎಳೆದ ರಭಸಕ್ಕೆ ಪಿಟೀಲು ಮಗುಚಿ ಬಿತ್ತು.

ಪಿಟೀಲಿನ ತುದಿಯಲ್ಲಿ, ಬಿರಡೆಗಳಿಂದ ಆಚೆ, ಶಂಖದಂತೆ ಸುತ್ತಿಕೊಂಡ ತಲೆಯೊಂದಿರುತ್ತದೆ. ನುಡಿಸುವವರಿಗೆ ಅದರ ಹೊರಬದಿ ಕಾಣುವುದಿಲ್ಲ. ಅಲ್ಲಿ ಮೂರು ಬಿಳಿ ಗೆರೆ, ನಡುವೆ ಒಂದು ಕೆಂಪು ಬೊಟ್ಟು ಇತ್ತು.

ಅನಘಾ ಅದನ್ನು ಉಗುರಿನಿಂದ ಕೆರೆದು ನೋಡಿದಳು. ವಿಭೂತಿ. ಕುಂಕುಮ.

ಅವಳು ಎದ್ದು ಮನೆಯೆಲ್ಲ ಸುತ್ತಿದಳು. ಬುಧವಾರ ಆಯುಧಪೂಜೆಯಾಗಿತ್ತು. ಅಪ್ಪನ ಸ್ಕೂಟರಿಗೆ ವಿಭೂತಿ, ಕುಂಕುಮ. ಮಿಕ್ಸಿಗೆ, ಗ್ಯಾಸ್ ಒಲೆಗೆ, ಈಳಿಗೆ ಮಣೆಗೆ, ಅವಳ ಸೈಕಲ್ಲಿಗೆ, ಕೊನೆಗೆ ಟಿವಿ ರಿಮೋಟಿಗೂ. ಪಿಟೀಲಿಗೆ ಮಾತ್ರ ಯಾರೂ ಹಚ್ಚಿಲ್ಲವೆಂದೇ ಎಲ್ಲರೂ ತಿಳಿದಿದ್ದರು.

“ಅಜ್ಜಿ, ನನ್ನ ವಯಲಿನ್‌ಗೆ ವಿಭೂತಿ ಹಚ್ಚಿದ್ಯಾ?”

ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಹಚ್ಚಿದೆ. ಈಗೇನು?”

“ಅತ್ತೇದಕ್ಕೂ?”

“ಅದಕ್ಕೇ ಮೊದಲು.”

“ಹಿಂದಗಡೆ ಯಾಕೆ ಹಚ್ಚಿದೆ?”

“ಮುಂದಗಡೆ ಹಚ್ಚಿದ್ರೆ ಬಿಡ್ತಾಳಾ ನಿಮ್ಮತ್ತೆ? ಒದ್ದೆ ಬಟ್ಟೆ ತಗೊಂಡು ಒರಸಿಬಿಡ್ತಾಳೆ. ಪಾಲಿಶ್ ಹೋಯ್ತು ಅಂತಾಳೆ.” ಅಜ್ಜಿ ಒಂದು ಹುಳುಕು ಕಾಯನ್ನು ಆರಿಸಿ ಪಕ್ಕಕ್ಕಿಟ್ಟಳು. “ಅವಳಿಗೆ ಹೇಳಬೇಡ.”

“ಅತ್ತೆ ಪ್ರೋಗ್ರಾಂಗೆ ಬರಲ್ಲ ಅಂತೀಯ.”

“ಬರಲ್ಲ ಅಂದೆ. ಪೂಜೆ ಮಾಡಲ್ಲ ಅಂದ್ನಾ?”

ಕಮಾನಿನ ತುದಿಯ ಸ್ಟಿಕ್ಕರಿಗಿಂತ ಆ ಬೊಟ್ಟು ದೊಡ್ಡದು. ಅತ್ತೆ ನಿಂತು ನುಡಿಸುವಾಗ ಪಿಟೀಲಿನ ತಲೆ ನೇರವಾಗಿ ಕ್ಯಾಮೆರಾದ ಕಡೆಗಿರುತ್ತದೆ. ಕ್ಯಾಮೆರಾ ದೊಡ್ಡ ಕೆಂಪನ್ನು ಹಿಡಿದುಕೊಂಡು ಚಿಕ್ಕದನ್ನು ಬಿಟ್ಟಿದೆ. ಇದಿಷ್ಟೂ ಅನಘಾಳಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಲ್ಲೇ ಹೊಳೆಯಿತು.

ಅದು ಬಾಯಿಯ ತುದಿಗೆ ಬಂದಿತ್ತು. ನಿನ್ನಿಂದಲೇ ಆಗಿದ್ದು ಅಜ್ಜಿ, ನಿನ್ನಿಂದಲೇ ನನ್ನನ್ನು ಓಡಿಸಿದರು. ಆದರೆ ಅಜ್ಜಿಯ ಬೆರಳುಗಳು ಕಾಯಿಯಿಂದ ಕಾಯಿಗೆ ಹೋಗುತ್ತಿದ್ದವು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಬುಧವಾರದ ಕುಂಕುಮ ಇನ್ನೂ ಇತ್ತು. ಅನಘಾ ಆ ಸಿಟ್ಟನ್ನೆಲ್ಲ ಒಟ್ಟುಮಾಡಿ ಅತ್ತೆಗೆಂದೇ ಇಟ್ಟುಕೊಂಡಳು.

“ಅಪ್ಪ, ಸ್ಕೂಟರ್ ತೆಗಿ. ಶೆಡ್ಡಿಗೆ ಹೋಗ್ಬೇಕು.”

ಪೇಪರ್ ಓದುತ್ತಿದ್ದ ಚನ್ನವೀರೇಶ ಮಗಳ ಮುಖ, ಹೆಗಲ ಬ್ಯಾಗು, ಕೈಯಲ್ಲಿದ್ದ ಪಿಟೀಲಿನ ಪೆಟ್ಟಿಗೆ ನೋಡಿ ಕೀ ತೆಗೆದುಕೊಂಡ.

ಶೆಡ್ಡಿನಲ್ಲಿ ಚುಕ್ಕೆ ಅದೇ ಮೂಲೆಯಲ್ಲಿ ನಡುಗುತ್ತಿತ್ತು. ಭೈರೇಶನ ಕಣ್ಣು ಕೆಂಪಾಗಿತ್ತು. ಅತ್ತೆ ಪಿಟೀಲು ಹಿಡಿದು ಪರದೆಗೆ ಬೆನ್ನು ಹಾಕಿ ನಿಂತಿದ್ದಳು.

“ಬರಬೇಡ ಅಂದಿದ್ನಲ್ಲ,” ಅಂದಳು.

ದಾರಿಯುದ್ದಕ್ಕೂ ಅನಘಾ ಒಂಬತ್ತು ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದಕ್ಕಿಂತ ಒಂದು ಖಾರ. ಅವನ್ನೆಲ್ಲ ಬಿಟ್ಟು ನೇರ ಹೋಗಿ ಅತ್ತೆಯ ಪಿಟೀಲಿನ ತಲೆಯನ್ನು ಅಂಗೈಯಿಂದ ಮುಚ್ಚಿದಳು.

ಪರದೆಯ ಚುಕ್ಕೆ ಮಾಯವಾಯಿತು.

ಕೈ ತೆಗೆದಳು. ಚುಕ್ಕೆ ಮತ್ತೆ ಬಂತು.

“ಅಯ್ಯೋ ಗುರು,” ಅಂದ ಭೈರೇಶ. ಲ್ಯಾಪ್‌ಟಾಪ್ ಬಿಟ್ಟು ಎದ್ದು ಬಂದ.

ಅತ್ತೆ ಪಿಟೀಲನ್ನು ತಿರುಗಿಸಿ ನೋಡಿದಳು. ಮೂರು ಗೆರೆ, ಒಂದು ಬೊಟ್ಟು. ಅವಳ ಕೈ ತಾನಾಗಿಯೇ ದುಪಟ್ಟಾದ ಅಂಚಿಗೆ ಹೋಯಿತು. ಒರಸಲು ಹೊರಟ ಬಟ್ಟೆ ನಡುದಾರಿಯಲ್ಲೇ ನಿಂತಿತು.

“ಅಮ್ಮನಾ?” ಅಂದಳು. ಅವಳ ದನಿ ಎಲ್ಲೋ ಒಳಗಿಂದ ಬಂದಂತಿತ್ತು.

“ನಿಂದಕ್ಕೇ ಮೊದಲು ಹಚ್ಚಿದ್ದಂತೆ.”

ಅತ್ತೆ ಬೊಟ್ಟಿನ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದಳು. ಅನಘಾಳಿಗೆ ಅದು ಇಷ್ಟವಾಗಲಿಲ್ಲ. ಬೈದದ್ದು ತನ್ನನ್ನು, ಈಗ ಕಣ್ಣು ತುಂಬಿಕೊಳ್ಳುತ್ತಿರುವುದು ಇವಳು.

“ಒರಸಿಬಿಡು, ಪ್ರಾಬ್ಲಂ ಸಾಲ್ವ್ಡ್,” ಅಂದ ಭೈರೇಶ.

“ಬೇಡ. ನನ್ನ ಸ್ಟಿಕ್ಕರ್ ಬೇರೆ ಕಲರ್ ಮಾಡು. ನೀಲಿ ಇದೆಯಾ?”

“ನನ್ನ ಹತ್ರ ಎಲ್ಲಿ? ಸ್ಟಿಕ್ಕರ್ ಅಂಗಡಿ ಇರೋದು ಇವಳ ಬ್ಯಾಗಲ್ಲಿ.”

ಇಬ್ಬರೂ ಅನಘಾಳನ್ನು ನೋಡಿದರು. ಅವಳು ಬ್ಯಾಗನ್ನು ಎದೆಗವಚಿಕೊಂಡಳು.

“ಮೊದಲು ಸಾರಿ ಹೇಳು.”

“ಸಾರಿ ಕಣೇ. ಕೊಡು ಬೇಗ.”

“ಹಾಗಲ್ಲ. ನಿನ್ನೆ ಎಲ್ಲರ ಮುಂದೆ ಬೈದೆ. ಎಲ್ಲರ ಮುಂದೆ ಹೇಳು.”

ಬಾಗಿಲಲ್ಲಿದ್ದ ಅಪ್ಪ ಕೆಮ್ಮಿದ. ಕುರ್ಚಿ ಜೋಡಿಸುತ್ತಿದ್ದ ಆ ಇಬ್ಬರು ಹುಡುಗರು ಕೆಲಸ ನಿಲ್ಲಿಸಿದರು. ಅತ್ತೆ ಒಮ್ಮೆ ಪರದೆಯತ್ತ, ಒಮ್ಮೆ ಗಡಿಯಾರದತ್ತ ನೋಡಿದಳು. ಆಮೇಲೆ ಪಿಟೀಲನ್ನು ಕೆಳಗಿಟ್ಟು ಅನಘಾಳ ಎದುರಿಗೆ ಮಂಡಿಯೂರಿ ಕೂತಳು.

“ನೀನು ಮುಟ್ಟಿಲ್ಲ ಅಂದೆ. ನಾನು ನಂಬಲಿಲ್ಲ. ತಪ್ಪು ನಂದು. ಸಾರಿ.” ಅವಳು ಹುಡುಗರ ಕಡೆಗೂ ತಿರುಗಿದಳು. “ಕೇಳಿಸ್ತಲ್ಲ? ಇವಳು ಮುಟ್ಟಿರಲಿಲ್ಲ.”

“ಮತ್ತೆ ರೆಕಾರ್ಡು?”

“ರೆಕಾರ್ಡ್ ಬೇಡ. ನೀನೇ ಬೇಕು.”

ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೂ ಅನಘಾ ಬ್ಯಾಗಿನಿಂದ ಸ್ಟಿಕ್ಕರಿನ ಹಾಳೆ ತೆಗೆದಳು. ನೀಲಿಯ ಮೂರರಲ್ಲಿ ಅಂಚು ಮಡಚಿಕೊಂಡದ್ದನ್ನು ಆರಿಸಿ ಕೊಟ್ಟಳು.

ಸಂಜೆ ಐದಕ್ಕೆ ಶೆಡ್ಡು ತುಂಬಿತು. ಎರಡನೆಯ ಸಾಲಿನಲ್ಲಿ ಸ್ಪಂದನಾ ಕೂತಿದ್ದಳು. ಪರದೆಯ ಮೇಲೆ ನೀಲಿ ಗೆರೆ ಎದ್ದಿತು, ಸುತ್ತಿತು, ದಪ್ಪವಾಯಿತು, ನೂಲಾಯಿತು. ಎಡಮೂಲೆಯ ಕೆಂಪು ಚುಕ್ಕೆಯನ್ನು ಅಳಿಸಬೇಡ ಎಂದು ಅತ್ತೆ ಭೈರೇಶನಿಗೆ ಹೇಳಿದ್ದಳು. ಅದು ಅಲ್ಲೇ ಇತ್ತು. ಕೊನೆಯ ಮೂರು ನಿಮಿಷಕ್ಕೆ ಅನಘಾ ಕಮಾನು ಎಳೆದಳು. ಹಸಿರು ಗೆರೆ ಹೊರಟಿತು. ನಡುವೆ ಒಂದು ಕಡೆ ಅವಳ ಕೈ ಸ್ವಲ್ಪ ನಡುಗಿ ಗೆರೆಯೂ ನಡುಗಿತು. ನೀಲಿ ಗೆರೆ ಬಂದು ಅದನ್ನು ಸುತ್ತಿಕೊಂಡಿತು. ಎರಡೂ ಎಲ್ಲೆಲ್ಲಿ ಅಲೆದರೂ ಆ ಕೆಂಪು ಮಾತ್ರ ಕೂತಲ್ಲಿಂದ ಕದಲಲಿಲ್ಲ.

ಮನೆಗೆ ಬರುವ ಆಟೋದಲ್ಲಿ ಪೆಟ್ಟಿಗೆಗಳು ಕಾಲಡಿಯಲ್ಲಿದ್ದವು.

“ಅಜ್ಜಿಗೆ ಹೇಳಿದ್ಯಾ, ಚುಕ್ಕೆ ವಿಷಯ?” ಅತ್ತೆ ಕೇಳಿದಳು.

“ಇಲ್ಲ.”

“ಹೇಳಬೇಡ.”

“ಅಜ್ಜೀನೂ ನಿನಗೆ ಹೇಳಬೇಡ ಅಂದಿದ್ಲು,” ಅಂದಳು ಅನಘಾ. ಅತ್ತೆ ನಕ್ಕು ಹೊರಗೆ ನೋಡತೊಡಗಿದಳು.

ಅಜ್ಜಿ ಬಾಗಿಲಲ್ಲೇ ಇದ್ದಳು. “ಮುಗೀತಾ ಕುಯ್ ಕುಯ್?”

“ಮುಗೀತಮ್ಮ,” ಎಂದು ಅತ್ತೆ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಮುಖ ತೊಳೆಯಲು ಒಳಗೆ ಹೋದಳು.

ಅನಘಾ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಅಜ್ಜಿ ಒಳಗೊಮ್ಮೆ ನೋಡಿದಳು. ಬೀದಿಯತ್ತ ಒಮ್ಮೆ ನೋಡಿದಳು. ಆಮೇಲೆ ಪೆಟ್ಟಿಗೆಯ ಕೊಂಡಿ ಸಡಿಲಿಸಿ, ಮುಚ್ಚಳವನ್ನು ಒಂದು ಗೇಣು ಎತ್ತಿ, ಪಿಟೀಲಿನ ತಲೆಯ ಹೊರಬದಿಯನ್ನು ಬೆರಳಿನಿಂದ ಮೆಲ್ಲನೆ ತಿರುಗಿಸಿ ನೋಡಿದಳು. ನೋಡಿ, ಸದ್ದಾಗದಂತೆ ಮುಚ್ಚಿದಳು.

ಅನಘಾಳ ಶೂ ಲೇಸು ಆಗಲೇ ಬಿಚ್ಚಿತ್ತು. ಅವಳು ತಲೆ ಎತ್ತದೆ ಅದನ್ನು ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿದಳು. ಅಜ್ಜಿ ಒಳಗೆ ಹೋಗುವವರೆಗೂ ಬಿಚ್ಚುತ್ತಲೇ ಇದ್ದಳು.