ಬೆಟ್ಟದಿಂದ ಕಾಣದ ಊರು

ತರೀಕೆರೆಯ ಜೀಪ್ ಸ್ಟ್ಯಾಂಡಿನಲ್ಲಿ ಓಂಕಾರೇಶನಷ್ಟು ಬೆಟ್ಟ ಬಲ್ಲವನು ಇನ್ನೊಬ್ಬನಿಲ್ಲ. ತರೀಕೆರೆ ಏಕೆ, ಹಿಮಾಲಯದವರೆಗೆ ಜರಡಿ ಹಿಡಿದು ಸೋಸಿದರೂ ಸಿಗಲಾರ. ಬಂದವರ ಮುಖವನ್ನು ಅವನು ನೋಡುವುದೇ ಇಲ್ಲ. ಚಪ್ಪಲಿ ನೋಡುತ್ತಾನೆ, ಜಾಗ ಹೇಳುತ್ತಾನೆ. ಹೀಲ್ಸ್ ಹಾಕಿದವರಿಗೆ ರಸ್ತೆ ಪಕ್ಕದ ಕಲ್ಲತ್ತಿಗಿರಿ. ಹೊಸ ಶೂ ಹಾಕಿ ಮೆರೆಯುವವರಿಗೆ ಹೆಬ್ಬೆ ಜಲಪಾತದ ಕಾಡುದಾರಿ, ಒಂದೇ ದಿನದಲ್ಲಿ ಶೂಗೂ ಬುದ್ಧಿ ಬರುತ್ತದೆ. ಜಗಳವಾಡಿಕೊಂಡು ಬಂದ ಗಂಡ ಹೆಂಡತಿಯಾದರೆ ಮಾತ್ರ ಚಪ್ಪಲಿಯ ಗೊಡವೆಯಿಲ್ಲ, ನೇರ ಬೆಟ್ಟದಂಚಿನ ಕಾಲುದಾರಿ. ಕೈ ಹಿಡಿಯದೆ ಅಲ್ಲಿ ನಡೆಯುವಂತೆಯೇ ಇಲ್ಲ. ಹತ್ತುವಾಗ ಡೈವೋರ್ಸ್ ಮಾತಾಡುತ್ತಿದ್ದ ಜೋಡಿಯೊಂದು ಇಳಿಯುವಾಗ ಮಗುವಿಗೆ ಹೆಸರು ಹುಡುಕುತ್ತಿತ್ತಂತೆ. ನಂಬದವರು ಟೀ ಅಂಗಡಿಯ ಈರಣ್ಣನನ್ನು ಕೇಳಿಕೊಳ್ಳಬಹುದು.

ಇಂಥ ಮಹಾಪುರುಷನ ಬಾಯಿ ಒಬ್ಬಳ ಮುಂದೆ ಮಾತ್ರ ಕೆಟ್ಟು ನಿಲ್ಲುತ್ತಿತ್ತು. ಅವಳು ದೀಪಶ್ರೀ, ಅಜ್ಜಂಪುರದ ಹೈಸ್ಕೂಲಿನ ಸೈನ್ಸ್ ಮಿಸ್. ವರ್ಷಕ್ಕೊಮ್ಮೆ ಮಕ್ಕಳ ದಂಡು ಕಟ್ಟಿಕೊಂಡು ಪಿಕ್ನಿಕ್ಕಿಗೆ ಬರುತ್ತಿದ್ದಳು. ಜಾಗ ಆರಿಸಿ ಕೊಡುವವನು ಇವನೇ. ಅವಳು ನಕ್ಕರೆ ಕೆನ್ನೆಯಲ್ಲೊಂದು ಗುಳಿ. ಎಂಥ ಆಳವೆಂದರೆ, ಓಂಕಾರೇಶ ಅದರೊಳಗೆ ಬಿದ್ದು ವರ್ಷಗಳೇ ಆಗಿದ್ದವು, ಇನ್ನೂ ಹತ್ತಿ ಬಂದಿರಲಿಲ್ಲ.

ಆ ಸಲ ಅವಳು ಮಕ್ಕಳಿಲ್ಲದೆ ಬಂದಳು.

“ಭಾನುವಾರಕ್ಕೆ ಒಂದು ಜಾಗ ಹೇಳ್ರೀ, ಓಂಕಾರೇಶ್.”

“ಎಷ್ಟು ಮಕ್ಕಳು, ಮಿಸ್?”

“ಮಕ್ಕಳಲ್ಲ. ನಾನು, ನಮ್ಮ ಸೋದರತ್ತೆ, ಆಮೇಲೆ ಹೇಮಂತ್ ಅಂತ. ಕಡೂರಿನೋರು. ಮನೇಲಿ ನೋಡಿದಾರೆ.”

ಈರಣ್ಣನ ಅಂಗಡಿಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಓಂಕಾರೇಶನ ಎದೆಯೊಳಗೆ ಅದಕ್ಕಿಂತ ದೊಡ್ಡದೇನೋ ಚೆಲ್ಲಿತು, ಒರೆಸಲು ಬಟ್ಟೆಯಿರಲಿಲ್ಲ.

“ಒಳ್ಳೇವ್ರಂತೆ,” ಎಂದಳು ದೀಪಶ್ರೀ, ಕೊಡೆಯ ತುದಿಯಿಂದ ನೆಲ ಕೆದಕುತ್ತಾ. “ಅವತ್ತು ಸಂಜೆನೇ ಹೂಂ ಅಂತಲೋ ಊಹೂಂ ಅಂತಲೋ ಹೇಳ್ತೀನಿ ಅಂತ ಅಪ್ಪನಿಗೆ ಮಾತು ಕೊಟ್ಟಿದೀನಿ. ಕೂತು ಮಾತಾಡೋಕೆ ಚೆಂದದ ಜಾಗ ಬೇಕು.” ಕೊಡೆ ನಿಂತಿತು. ಕಣ್ಣುಗಳು ಮೇಲೆದ್ದವು. “ನಿಮಗೇ ಅಂತ ಆಗಿದ್ರೆ ಯಾವ ಜಾಗ ಆರಿಸ್ಕೋತಿದ್ರಿ?”

ಆ ನೋಟ ಅವನ ಮೇಲೆ ನಿಂತಿತು, ಕಾಯಿತು. ಹೇಳಬೇಕಾದ ಮಾತು ಗಂಟಲವರೆಗೆ ಬಂದು, ಬಾಗಿಲು ಮುಚ್ಚಿದೆಯೆಂದು ತಿರುಗಿ ಹೋಯಿತು. ಅದರ ಬದಲು ಹೊರಬಿದ್ದದ್ದು ಹಳೆಯ ಜಂಬವೇ.

“ನಂಗೇನ್ ಮಿಸ್, ಇಡೀ ಬೆಟ್ಟನೇ ನಂದು! ಎಲ್ ನಿಂತ್ರೂ ಚೆಂದಾನೇ.”

“ಸರಿ ಬಿಡಿ,” ಎಂದಳು. ಗುಳಿ ಕಾಣಲಿಲ್ಲ.

ಭಾನುವಾರದವರೆಗೆ ಅವನು ಅನ್ನ ಬಿಟ್ಟ, ನಿದ್ದೆ ಬಿಟ್ಟ. ಟೀ ಮಾತ್ರ ಬಿಡಲಿಲ್ಲ, ಹಂಡೆಗಟ್ಟಲೆ ಕುಡಿದ. ಕೊನೆಗೆ ಒಂದು ನೀಚ ಬುದ್ಧಿ ಹೊಳೆಯಿತು. ಕಾಡಿನೊಳಗೊಂದು ಸಣ್ಣ ಜಲಪಾತವಿದೆ. ನೀರೇನೋ ಬೆಳ್ಳಿಯೇ, ಆದರೆ ಮಳೆ ಹಿಂದೆ ಸರಿದ ಈ ದಿನಗಳಲ್ಲಿ ದಾರಿಯ ಹುಲ್ಲಿಗಿಂತ ಜಿಗಣೆಗಳೇ ಜಾಸ್ತಿ. ಕಡೂರಿನ ಗಂಡು ಎರಡು ಹೆಜ್ಜೆ ಇಟ್ಟು ಕಿರುಚಿಕೊಂಡು ಓಡಿದರೆ ಮುಗಿಯಿತು!

ಜೀಪು ಹತ್ತಿದ ಹೇಮಂತನನ್ನು ನೋಡಿ ಅವನಿಗೆ ಮೊದಲ ಸೋಲು. ಕೊಬ್ಬರಿ ವ್ಯಾಪಾರದ ಮನೆಯ ಹುಡುಗ. ಮೆಲುಮಾತು, ಕಾಲಿಗೆ ಸವೆದ ಹಳೆಯ ಶೂ. ಬೆಟ್ಟಕ್ಕೆ ಹಳೆ ಶೂ ಹಾಕಿ ಬರುವವನು ಜಾಣ ಎಂಬುದು ಓಂಕಾರೇಶನದೇ ಸಿದ್ಧಾಂತ. ಸೋದರತ್ತೆ ತೀರ್ಥಮ್ಮ ಮಜ್ಜಿಗೆ, ಚಕ್ಕುಲಿ, ಎಲೆಅಡಿಕೆ ಚೀಲದ ಸಮೇತ ಮುಂದಿನ ಸೀಟನ್ನು ಆಕ್ರಮಿಸಿಕೊಂಡರು.

ಹಲಸಿನ ಮರದ ತಿರುವಿನಲ್ಲಿ ಫೋನುಗಳೆಲ್ಲ ಉಸಿರು ಬಿಟ್ಟವು.

“ಇನ್ನು ಮೇಲೆ ನೆಟ್‌ವರ್ಕ್ ಸಿಗಲ್ಲ. ಇಳಿಯೋವಾಗ ಇಲ್ಲೇ ಜೀವ ಬರೋದು,” ಎಂದ ಓಂಕಾರೇಶ.

“ಹಂಗಾದ್ರೆ ಇಲ್ಲಿಗೆ ಬಂದ್ಮೇಲೇ ಅಪ್ಪನಿಗೆ ಫೋನ್ ಮಾಡ್ತೀನಿ,” ಎಂದಳು ದೀಪಶ್ರೀ, ಹಿಂದಿನ ಸೀಟಿನಿಂದ. ಕನ್ನಡಿಯಲ್ಲಿ ಅವಳ ಕಣ್ಣು ಇವನ ಕಣ್ಣಿಗೆ ಸಿಕ್ಕಿತು. ಗೇರು ತಪ್ಪಿತು.

“ಮೆಲ್ಲಗ್ ಓಡ್ಸಪ್ಪಾ,” ಎಂದರು ತೀರ್ಥಮ್ಮ. “ಮದ್ವೆ ನೋಡ್ದಲೇ ಸಾಯೋ ಆಸೆ ಇಲ್ಲ ನಂಗೆ.”

ಜಿಗಣೆಗಳ ವಿಷಯ ಹೇಳಿದರೆ ಯಾರೂ ನಂಬುವುದಿಲ್ಲ. ಹೇಮಂತನನ್ನು ಒಂದೂ ಮುಟ್ಟಲಿಲ್ಲ. ದೀಪಶ್ರೀಯನ್ನು ಮುಟ್ಟಲಿಲ್ಲ. ಬೆಟ್ಟದ ಅಷ್ಟೂ ಜಿಗಣೆಗಳು ಸಭೆ ಸೇರಿ ಠರಾವು ಮಾಡಿದಂತೆ ಓಂಕಾರೇಶನೊಬ್ಬನ ಮೇಲೇ ಬಿದ್ದವು. ರಕ್ತ ಕಂಡರೆ ತಲೆ ಸುತ್ತುವ ಗುಟ್ಟನ್ನು ಅವನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಹೇಳುವ ಅಗತ್ಯವೇ ಬೀಳಲಿಲ್ಲ, ಜಲಪಾತದ ಮುಂದೆ ದೊಪ್ಪನೆ ಕೂತುಬಿಟ್ಟ.

“ಏ, ಗೈಡೇ ಬಿದ್ದೋದ್ನಲ್ಲೇ!” ತೀರ್ಥಮ್ಮ ಚೀಲದಿಂದ ಸುಣ್ಣದ ಡಬ್ಬಿ ತೆಗೆದರು. ಹೇಮಂತ ಮಂಡಿಯೂರಿ ಕೂತು ಒಂದೊಂದೇ ಜಿಗಣೆಗೆ ಸುಣ್ಣ ಮುಟ್ಟಿಸಿ ಬಿಡಿಸಿದ. ದೀಪಶ್ರೀ ತನ್ನ ಕರ್ಚೀಫು ಒದ್ದೆ ಮಾಡಿ ಓಂಕಾರೇಶನ ಹಣೆಗೆ ಒತ್ತಿದಳು.

“ಇಡೀ ಬೆಟ್ಟನೇ ನಿಮ್ದು ಅಂತಿದ್ರಿ,” ಎಂದಳು ಮೆಲ್ಲಗೆ. “ಜಿಗಣೆಗಳಿಗೆ ಹೇಳಿರಲಿಲ್ವಾ?”

ಓಂಕಾರೇಶ ತಾನೇ ಹೂಡಿದ ಮೋಸಕ್ಕೆ ತಾನೇ ಬಿದ್ದು, ಎದುರಾಳಿಯ ಕೈಗೆ ಕಾಲು ಕೊಟ್ಟು ಕೂತಿದ್ದ. ಹೇಮಂತನ ಮೇಲೆ ಸಿಟ್ಟು ಬರಲೆಂದು ದೇವರನ್ನು ಬೇಡಿಕೊಂಡ. ಬರಲಿಲ್ಲ.

ಅಲ್ಲಿಂದಲೇ ವಾಪಸಾಗಬಹುದಿತ್ತು. ಆದರೆ ಓಂಕಾರೇಶ ಆರಿಸಿದ ಜಾಗ ಸಪ್ಪೆಯಿತ್ತು ಎಂದು ನಾಳೆ ಕಡೂರಿನಲ್ಲಿ ಯಾರಾದರೂ ಅಂದರೆ? ಹಾಳು ಜಂಬ ಸ್ಟೇರಿಂಗನ್ನು ತಾನೇ ತಿರುಗಿಸಿತು. ಯಾರಿಗೂ ತೋರಿಸದೆ ಕಾಪಿಟ್ಟುಕೊಂಡಿದ್ದ ಗಾಳಿಬಂಡೆಯ ನೆತ್ತಿಗೇ ಅವರನ್ನು ಕರೆತಂದ.

ಪಶ್ಚಿಮಕ್ಕೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು. ಸೂರ್ಯ ಜೇನಿನಲ್ಲಿ ಅದ್ದಿದಂತೆ ಇಳಿಯುತ್ತಿದ್ದ. ಇಂಥ ಸಂಜೆಯಲ್ಲಿ ಕಲ್ಲುಬಂಡೆಯೂ ಹೂಂ ಅಂದೀತು. ಓಂಕಾರೇಶ ತನ್ನ ಕೈಯಾರೆ ಬಂಡೆಯ ಧೂಳು ಒರೆಸಿ ಅವರಿಬ್ಬರನ್ನು ಕೂರಿಸಿದ. ತೀರ್ಥಮ್ಮನಿಗೆ ಮಜ್ಜಿಗೆ ಬಗ್ಗಿಸಿಕೊಟ್ಟ. ಆಮೇಲೆ ಬೆನ್ನು ತಿರುಗಿಸಿ, ಬೆಟ್ಟದ ಇನ್ನೊಂದು ಅಂಚಿಗೆ ಹೋಗಿ ನಿಂತ.

ಅವರು ಮಾತಾಡಿದರು. ಬಹಳ ಹೊತ್ತು ಮಾತಾಡಿದರು. ಒಮ್ಮೆ ದೀಪಶ್ರೀ ನಕ್ಕದ್ದೂ ಕೇಳಿಸಿತು. ಗುಳಿ ಬಿದ್ದಿರಬೇಕು. ಅವನು ತಿರುಗಿ ನೋಡಲಿಲ್ಲ.

“ಓಂಕಾರೇಶ್ ಅವ್ರೇ,” ಹೇಮಂತನ ದನಿ. “ಯಾರೇ ಆದ್ರೂ ಈ ಕಡೆ ನೋಡ್ತಾರೆ. ನೀವ್ಯಾಕೆ ಆ ಕಡೆ ನಿಂತಿದೀರಾ?”

ಬೆನ್ನ ಹಿಂದೆ ಹೆಜ್ಜೆ ಸದ್ದಾಯಿತು. ದೀಪಶ್ರೀ ಬಂದು ಪಕ್ಕದಲ್ಲಿ ನಿಂತಳು. ಕೆಳಗೆ ಪೂರ್ವದ ಬಯಲು ಮಸುಕಾಗುತ್ತಿತ್ತು.

“ಏನಿದೆ ಈ ಕಡೆ?”

“ತರೀಕೆರೆ. ಅದರಾಚೆ ಕೆರೆ. ಅದರಾಚೆ ತೆಂಗಿನ ತೋಟಗಳು.”

“ಅದರಾಚೆ?”

“ಅಜ್ಜಂಪುರ.”

“ಇಲ್ಲಿಂದ ಕಾಣುತ್ತಾ?”

ಕಾಣುತ್ತೆ ಮಿಸ್, ನಿಮ್ಮನೆ ಹೆಂಚೂ ಎಣಿಸಬಹುದು ಎನ್ನಬೇಕಿತ್ತು ಅವನು. ಸ್ಟ್ಯಾಂಡಿನಲ್ಲಾಗಿದ್ದರೆ ಅಂದೇ ಅನ್ನುತ್ತಿದ್ದ.

“ಕಾಣಲ್ಲ,” ಎಂದ.

“ಮತ್ತೆ?”

“ಆದ್ರೂ ನೋಡ್ತೀನಿ.”

“ಯಾವತ್ತಿಂದ?”

“ಮೊದಲ್ನೇ ಸಲ ಮಕ್ಕಳನ್ನ ಕರ್ಕೊಂಡ್ ಬಂದು ಜೀಪ್ ಬಾಡಿಗೆಗೆ ನನ್ನ ಜೊತೆ ಜಗಳ ಆಡಿದ್ರಲ್ಲ, ಅವತ್ತಿಂದ. ಏನ್ ಮಾಡ್ಲಿ ಮಿಸ್, ಈ ಬಂಡೆ ಹತ್ತಿದ್ರೆ ಕುತ್ತಿಗೆ ತಾನೇ ಈ ಕಡೆ ತಿರುಗುತ್ತೆ.”

ಅವಳ ಕಣ್ಣು ತುಂಬಿತು. ಸಿಟ್ಟಿನಿಂದಲೋ ಏನೋ. “ಸ್ಟ್ಯಾಂಡಲ್ಲಿ ಬಾಯ್ಬಿಟ್ಟು ಕೇಳಿದ್ನಲ್ಲ ಕಣೋ! ಒಂದ್ ಮಾತು ಹೇಳಿದ್ರೆ ಈ ಬೆಟ್ಟನೇ ಹತ್ತಬೇಕಿರಲಿಲ್ಲ. ನಮ್ಮತ್ತೆ ಮಂಡಿನಾದ್ರೂ ಉಳೀತಿತ್ತು.”

ಅಷ್ಟಂದು ಹೊರಟೇ ಹೋದಳು. ಅದು ಹೂಂ ಅಂತಲೋ ಊಹೂಂ ಅಂತಲೋ, ಓಂಕಾರೇಶನಿಗೆ ತಿಳಿಯಲಿಲ್ಲ. ಅವಳ ಚಪ್ಪಲಿ ನೋಡಿದ. ಚಪ್ಪಲಿಯೂ ಏನೂ ಹೇಳಲಿಲ್ಲ.

ಇಳಿಯುವಾಗ, ಅಷ್ಟೂ ಕೇಳಿಸಿಕೊಂಡಿದ್ದ ತೀರ್ಥಮ್ಮ ತಾವಾಗಿಯೇ ಹಿಂದೆ ಹತ್ತಿ ಹೇಮಂತನ ಪಕ್ಕ ಕೂತರು. “ಮುಂದೆ ಕೂತ್ರೆ ನನ್ ಎದೆ ಝಲ್ ಅಂತದೆ. ನೀನೇ ಕೂತ್ಕೊಳೇ ದೀಪಾ.”

ಹಲಸಿನ ಮರ ಹತ್ತಿರವಾದಂತೆ ಜೀಪು ನಿಧಾನವಾಯಿತು. ಎತ್ತಿನ ಗಾಡಿ ದಾಟಿ ಹೋಗುವಷ್ಟು ನಿಧಾನ, ಬಸವನ ಹುಳು ಹಾರ್ನ್ ಹೊಡೆಯುವಷ್ಟು ನಿಧಾನ.

“ಬೇಗ ಓಡ್ಸೋ,” ಎಂದಳು ದೀಪಶ್ರೀ. “ಅಪ್ಪ ಕಾಯ್ತಿರ್ತಾರೆ.”

ಹಿಂದಿನಿಂದ ಹೇಮಂತ ಅವಳಿಗೆ ಮೆಲ್ಲಗೆ ಹೇಳಿದ, “ನಮ್ಮನೇಲಿ ನಾನೇ ಹೇಳ್ಕೋತೀನಿ ರೀ. ನೀವೇನೂ ಯೋಚ್ನೆ ಮಾಡ್ಬೇಡಿ.” ಆಮೇಲೆ, “ಜಾಗ ಮಾತ್ರ ತುಂಬಾ ಚೆನ್ನಾಗಿತ್ತು, ಓಂಕಾರೇಶ್ ಅವ್ರೇ,” ಎಂದ. ಅವನ ದನಿ ತುಸು ಒಡೆದಿತ್ತು.

ತಿರುವಿನಲ್ಲಿ ಫೋನಿಗೆ ಜೀವ ಬಂತು. “ಅಪ್ಪಾ,” ಎಂದಳು. “ಊಹೂಂ... ಇಲ್ಲಪ್ಪ, ಅವರು ಚಿನ್ನದಂಥೋರು. ಇದು ಬೇರೆ ವಿಷ್ಯ. ತಡಿ, ಅತ್ತೆ ಹೇಳ್ತಾರೆ.”

ತೀರ್ಥಮ್ಮ ಫೋನು ಕಿತ್ತುಕೊಂಡರು. “ಅಣ್ಣಾ, ಕೂಗಾಡ್ಬೇಡ, ಕೇಳು. ನಮ್ಮೂರ್ ಕಾಣ್ದಿರೋ ಬೆಟ್ಟದ್ ಮೇಲೆ ನಿಂತು ನಮ್ಮೂರ್ ನೋಡ್ತಾನೆ ಒಬ್ಬ ಹುಚ್ಚ...”

ಜೀಪು ಗಕ್ಕನೆ ನಿಂತು ಆಫ್ ಆಯಿತು. ಇಡೀ ಬೆಟ್ಟವೇ ತನ್ನದೆಂದವನ ಕಾಲಿಗೆ ಕ್ಲಚ್ ಎಲ್ಲಿದೆ ಎಂಬುದೇ ಮರೆತುಹೋಗಿತ್ತು. ಗೇರಿನ ಮೇಲಿದ್ದ ಅವನ ಕೈಯನ್ನು ಇನ್ನೊಂದು ಕೈ ಮೆಲ್ಲಗೆ ಮುಚ್ಚಿತು.

“ಇಲ್ಲಿಂದಾದ್ರೂ ಕಾಣುತ್ತೇನೋ, ಅಜ್ಜಂಪುರ?” ಗುಳಿ ಬಿದ್ದಿತ್ತು.

ಓಂಕಾರೇಶ ಹೊರಗೆ ನೋಡಲೇ ಇಲ್ಲ. “ಕಾಣುತ್ತೆ, ಮಿಸ್,” ಎಂದ, ಅವಳನ್ನೇ ನೋಡುತ್ತಾ.